ಒಂದೇ ಡೈ, ಎರಡು ಅಳತೆ: ಯಾವಾಗ ನಡೀತದೆ, ಯಾವಾಗ ಇಲ್ಲ

ಮಲ್ಪೆ ದಕ್ಕೆಯ ಆಸುಪಾಸಿನಲ್ಲಿ ಹೈಡ್ರಾಲಿಕ್ ಹೋಸ್ ಮಾಡಿಕೊಡುವ ಅಂಗಡಿಗಳು ಉಂಟು. ಬೋಟಿನ ವಿಂಚಿನದ್ದೋ, ಸ್ಟೀರಿಂಗಿನದ್ದೋ, ಜೆಸಿಬಿಯದ್ದೋ ಹಳೇ ಹೋಸ್ ತಂದು ಮೇಜಿನ ಮೇಲೆ ಇಟ್ಟರೆ ಸಾಕು. ಅಷ್ಟೇ ಉದ್ದದ ಹೊಸ ಹೋಸ್ ಕತ್ತರಿಸಿ, ಎರಡೂ ತುದಿಗೆ ಫಿಟ್ಟಿಂಗ್ ಕೂರಿಸಿ, ಅದರ ಮೇಲಿನ ಉಕ್ಕಿನ ಬಳೆಯನ್ನು ಪ್ರೆಸ್ಸಿನಲ್ಲಿ ಒತ್ತಿ ಕೊಡ್ತಾರೆ. ಈ ಬಳೆಗೆ ಫೆರೂಲ್ ಅಂತ ಹೆಸರು, ಒತ್ತುವ ಕೆಲಸಕ್ಕೆ ಕ್ರಿಂಪಿಂಗ್. ಪ್ರೆಸ್ಸಿನ ಪಕ್ಕದಲ್ಲಿ ನಂಬರ್ ಕೊರೆದ ಡೈಗಳ ಪೆಟ್ಟಿಗೆ ಇರ್ತದೆ. ನಾವು ಕೆಲವರು ಸೆಕೆಂಡ್ ಇಯರ್‌ನವರು ನಿಂತು ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಇದು: ಹೋಸ್‌ಗಳಲ್ಲಿ ಇಷ್ಟು ಬಗೆ, ಆದ್ರೆ ಡೈಗಳು ಅಷ್ಟು ಇಲ್ಲ. ಒಂದೇ ಡೈಯಲ್ಲಿ ಬೇರೆ ಬೇರೆ ಅಳತೆಯ ಕೆಲಸ ನಡೀತಾ ಉಂಟು.

ಇದು ತಪ್ಪಾ? ಅಲ್ಲ. ಹಾಗಾದ್ರೆ ಯಾವ ಡೈ ಯಾವುದಕ್ಕೂ ಹಾಕಬಹುದಾ? ಅದೂ ಅಲ್ಲ. ಈ ಎರಡರ ಮಧ್ಯದ ಗೆರೆ ಎಲ್ಲಿ ಅನ್ನುವುದೇ ಈ ಲೇಖನ. ಮ್ಯಾನುಫ್ಯಾಕ್ಚರಿಂಗ್ ಪ್ರೋಸೆಸ್ ಪಾಠದಲ್ಲಿ ಡೈ ಅಂದ್ರೆ ಏನು ಅಂತ ಎರಡು ಸಾಲು ಬರೆದು ಮಾರ್ಕ್ಸ್ ತಗೊಳ್ತೇವೆ, ಈ ಪ್ರಶ್ನೆ ಅಲ್ಲಿ ಬರುವುದಿಲ್ಲ.

ಹೆಸರು ಒಂದು, ಅಳತೆ ಇನ್ನೊಂದು

ಮೊದಲು ಹೋಸಿನ ಹೆಸರು. ಅರ್ಧ ಇಂಚಿನ ಹೋಸ್ ಅಂದ್ರೆ ಅದರ ಒಳಗಿನ ವ್ಯಾಸ ಅರ್ಧ ಇಂಚು. ಅಂಗಡಿ ಭಾಷೆಯಲ್ಲಿ ಇದು 8 ನಂಬರ್, ಯಾಕಂದ್ರೆ ಲೆಕ್ಕ ಇಂಚಿನ ಹದಿನಾರನೇ ಒಂದು ಭಾಗದಲ್ಲಿ: 8 ಭಾಗಿಸು 16. ಹೊರಗಿನ ವ್ಯಾಸ ಎಷ್ಟು ಅಂತ ಈ ಹೆಸರು ಹೇಳುವುದೇ ಇಲ್ಲ. ಯುರೋಪಿನ ಸ್ಟ್ಯಾಂಡರ್ಡ್ ಪ್ರಕಾರ 1ಎಸ್‌ಎನ್ ಅಂದ್ರೆ ರಬ್ಬರಿನ ನಡುವೆ ಉಕ್ಕಿನ ತಂತಿಯ ಹೆಣಿಗೆ ಒಂದು ಪದರ, 2ಎಸ್‌ಎನ್ ಅಂದ್ರೆ ಎರಡು ಪದರ. ಎರಡೂ ಅರ್ಧ ಇಂಚೇ. ಆದ್ರೆ ಎರಡನೆಯದು ಹೊರಗಿನಿಂದ ಒಂದೂವರೆ ಎರಡು ಮಿ.ಮೀ. ಹೆಚ್ಚು ದಪ್ಪ ಇರ್ತದೆ.

ಡೈ ಮುಟ್ಟುವುದು ಹೊರಗಿನ ಮೈಯನ್ನು. ಅದಕ್ಕೆ ಒಳಗಿನ ವ್ಯಾಸದ ಸುದ್ದಿ ಬೇಡ. ಫಿಟ್ಟಿಂಗ್ ಮಾಡಿದ ಕಂಪನಿಯ ಚಾರ್ಟಿನಲ್ಲಿ "ಈ ಹೋಸ್, ಈ ಫೆರೂಲ್, ಒತ್ತಿದ ಮೇಲೆ ಇಷ್ಟು ವ್ಯಾಸ" ಅಂತ ಇರ್ತದೆ. ಆ ಕೊನೆಯ ಅಳತೆಗೆ ಕ್ರಿಂಪ್ ವ್ಯಾಸ ಅನ್ನೋಣ. ಡೈ ಆರಿಸುವುದು ಅದನ್ನು ನೋಡಿ. ಫೆರೂಲಿನ ಕಂಪನಿ ಬದಲಾದ್ರೆ ಅದೇ ಹೋಸಿಗೂ ಕ್ರಿಂಪ್ ವ್ಯಾಸ ಬದಲಾಗಬಹುದು. ಅಂಗಡಿಯ ಅಣ್ಣ ಹೇಳಿದ್ದು ಇಷ್ಟೇ: "ಹೆಸರು ಕೇಳಿ ಪ್ರೆಸ್ ಮಾಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ, ವರ್ನಿಯರ್ ಹಾಕಿ ನೋಡ್ಬೇಕು."

ಎಂಟು ತುಂಡುಗಳ ಲೆಕ್ಕ

ಕ್ರಿಂಪಿಂಗ್ ಡೈ ಒಂದು ಇಡೀ ಉಂಗುರ ಅಲ್ಲ. ಸಾಮಾನ್ಯವಾಗಿ ಎಂಟು ತುಂಡು. ಪ್ರೆಸ್ ಒತ್ತಿದ ಹಾಗೆ ಎಂಟೂ ಒಟ್ಟಿಗೆ ಮಧ್ಯಕ್ಕೆ ಸರೀತವೆ. 24 ನಂಬರ್ ಡೈ ಅಂದ್ರೆ, ಎಂಟು ತುಂಡುಗಳು ಒಂದಕ್ಕೊಂದು ತಾಗಿ ಪೂರ್ತಿ ಮುಚ್ಚಿದಾಗ ಒಳಗೆ ಉಳಿಯುವ ವೃತ್ತ 24 ಮಿ.ಮೀ. ಅಂತ ಇಟ್ಟುಕೊಳ್ಳಿ. ಪ್ರತಿ ತುಂಡಿನ ಒಳಬಾಗು 12 ಮಿ.ಮೀ. ತ್ರಿಜ್ಯದ್ದು.

ಈಗ ನಮಗೆ ಬೇಕಾದ ಕ್ರಿಂಪ್ ವ್ಯಾಸ 26 ಮಿ.ಮೀ. ಆದ್ರೆ? ಡೈಯನ್ನು ಪೂರ್ತಿ ಮುಚ್ಚದೆ 26ಕ್ಕೆ ನಿಲ್ಲಿಸಿದ್ರೆ ಆಯ್ತು. ಆದ್ರೆ ತುಂಡುಗಳ ಮಧ್ಯೆ ಸಂದು ಉಳೀತದೆ. ಎಷ್ಟು? ಸುತ್ತಳತೆಯ ವ್ಯತ್ಯಾಸ ಪೈ ಗುಣಿಸು 2, ಅಂದ್ರೆ 6.28 ಮಿ.ಮೀ. ಅದು ಎಂಟು ಸಂದುಗಳಿಗೆ ಹಂಚಿದ್ರೆ ಒಂದಕ್ಕೆ 0.79 ಮಿ.ಮೀ. ಈ ಸಂದಿನೊಳಗೆ ಫೆರೂಲಿನ ಲೋಹ ಸ್ವಲ್ಪ ಉಬ್ಬಿ ಏಣಿನ ಹಾಗೆ ಎದ್ದು ನಿಲ್ತದೆ. ಮುಗಿದ ಹೋಸಿನ ತುದಿಯಲ್ಲಿ ಉದ್ದಕ್ಕೆ ಎಂಟು ಗೆರೆ ಕಾಣುವುದು ಇದರಿಂದಲೇ. ಅದೇ ಡೈಯಲ್ಲಿ 30ಕ್ಕೆ ನಿಲ್ಲಿಸಿದ್ರೆ ಸಂದು 2.36 ಮಿ.ಮೀ. ಆಗ್ತದೆ. ಅದೂ ಅಲ್ಲದೆ 12 ತ್ರಿಜ್ಯದ ಬಾಗು 15 ತ್ರಿಜ್ಯದ ಮೈಯ ಮೇಲೆ ಸರಿಯಾಗಿ ಕೂರುವುದಿಲ್ಲ. ತುಂಡಿನ ಎರಡು ಅಂಚು ಮಾತ್ರ ಮೊದಲು ಕಚ್ಚಿ ಲೋಹಕ್ಕೆ ಗಾಯ ಮಾಡ್ತವೆ, ಮಧ್ಯದಲ್ಲಿ ಒತ್ತಡ ಕಡಿಮೆ. ಅದಕ್ಕೇ ಪ್ರತಿ ಡೈಗೂ ತನ್ನ ನಂಬರಿನಿಂದ ಮೇಲಕ್ಕೆ ಎರಡು ಮೂರು ಮಿ.ಮೀ. ಅಂತ ಒಂದು ವ್ಯಾಪ್ತಿ ಇಟ್ಟಿರ್ತಾರೆ. ಆ ವ್ಯಾಪ್ತಿಯೊಳಗೆ ಎಷ್ಟು ಬಗೆಯ ಹೋಸ್ ಬಂದ್ರೂ ಒಂದೇ ಡೈ ಸಾಕು.

ಕೆಳಗಿನ ದಿಕ್ಕಿಗೆ ಮಾತ್ರ ಯಾವ ವ್ಯಾಪ್ತಿಯೂ ಇಲ್ಲ. 22 ಮಿ.ಮೀ. ಬೇಕಾದಲ್ಲಿ 24ರ ಡೈ ಹಾಕಿದ್ರೆ ತುಂಡುಗಳು ಒಂದಕ್ಕೊಂದು ತಾಗಿ 24ರಲ್ಲೇ ನಿಲ್ತವೆ. ಪ್ರೆಸ್ಸಿನ ಪ್ರೆಶರ್ ಗೇಜ್ ಮೇಲೆ ಹೋಗ್ತದೆ, ಫೆರೂಲ್ ನೋಡ್ಲಿಕ್ಕೆ ಚೆಂದವಾಗಿ ಒತ್ತಿದ ಹಾಗೆ ಕಾಣ್ತದೆ, ಎಂಟು ಗೆರೆಯ ಏಣೂ ಇರುವುದಿಲ್ಲ. ಕೈಯಲ್ಲಿ ಎಳೆದ್ರೆ ಬರುವುದೂ ಇಲ್ಲ. ನಮ್ಮ ಪ್ರಕಾರ ಇಡೀ ವಿಷಯದಲ್ಲಿ ಅತಿ ಅಪಾಯದ ತಪ್ಪು ಇದೇ, ಯಾಕಂದ್ರೆ ಕಣ್ಣಿಗೆ ಗೊತ್ತಾಗುವುದಿಲ್ಲ.

ಎಷ್ಟು ಅಪಾಯ ಅಂತ ಒಂದು ಲೆಕ್ಕ ಮಾಡೋಣ. ಅರ್ಧ ಇಂಚಿನ 2ಎಸ್‌ಎನ್ ಹೋಸಿನ ಕೆಲಸದ ಒತ್ತಡ 275 ಬಾರ್, ಅಂದ್ರೆ 27.5 ಮೆಗಾಪಾಸ್ಕಲ್. ಒಳಗಿನ ಅಡ್ಡಕೊಯ್ತದ ವಿಸ್ತೀರ್ಣ 12.7 ಮಿ.ಮೀ. ವ್ಯಾಸಕ್ಕೆ ಸುಮಾರು 127 ಚದರ ಮಿ.ಮೀ. ಗುಣಿಸಿದ್ರೆ ಸುಮಾರು 3,480 ನ್ಯೂಟನ್. ಮುನ್ನೂರ ಐವತ್ತು ಕಿಲೋ ತೂಕ ಫಿಟ್ಟಿಂಗನ್ನು ಹೋಸಿನಿಂದ ಹೊರಗೆ ಎಳೆಯುವ ಹಾಗೆ. ಅದನ್ನು ತಡೆದು ಹಿಡಿಯುವುದು ಆ ಒತ್ತಿದ ಬಳೆ ಒಂದೇ. ಬೋಟಿನಲ್ಲಿ ವಿಂಚ್ ಓಡುವಾಗ ಬಲೆ ಎಳೆಯುವವರು ಆ ಹೋಸಿನಿಂದ ಕೈಯಳತೆ ದೂರದಲ್ಲಿ ನಿಂತಿರ್ತಾರೆ. ಫಿಟ್ಟಿಂಗ್ ಕಳಚಿದ್ರೆ ಹೋಸ್ ಚಾಟಿಯ ಹಾಗೆ ಬೀಸ್ತದೆ. ಕಳಚದೆ ಸೂಜಿ ಮೊನೆಯಷ್ಟು ತೂತಿನಿಂದ ಎಣ್ಣೆ ಚಿಮ್ಮಿದ್ರೂ ಅದು ಚರ್ಮ ತೂರಿ ಒಳಗೆ ಹೋಗ್ತದೆ. ಹೊರಗೆ ಸಣ್ಣ ಚುಕ್ಕೆ ಮಾತ್ರ ಕಾಣ್ತದೆ, ಒಳಗೆ ಮಾಂಸ ಕೊಳೀತದೆ, ತಕ್ಷಣ ಸರ್ಜರಿ ಬೇಕಾಗ್ತದೆ. ಲೀಕ್ ಎಲ್ಲಿ ಅಂತ ಕೈ ಸವರಿ ನೋಡಬಾರದು, ರಟ್ಟಿನ ತುಂಡು ಹಿಡಿದು ನೋಡಬೇಕು ಅನ್ನುವುದು ಇದಕ್ಕೇ. ಮಣಿಪಾಲದ ಹತ್ತಿರ ಇದ್ದಾಗ ಆಸ್ಪತ್ರೆ ಹತ್ತು ನಿಮಿಷ. ಆಳಸಮುದ್ರಕ್ಕೆ ಹೋದ ಬೋಟಿಗೆ ಹಾಗಲ್ಲ.

ಇದೇ ಪ್ರಶ್ನೆ, ತೋಟೆಯ ಡೈಯಲ್ಲಿ

ಒಂದು ಡೈ ಎಷ್ಟು ಅಳತೆಗೆ ನಡೀತದೆ ಅನ್ನುವ ಪ್ರಶ್ನೆಗೆ ಇನ್ನೂ ಸ್ಪಷ್ಟ ಉದಾಹರಣೆ ಹುಡುಕ್ತಾ ಹೋದಾಗ ನಮಗೆ ಸಿಕ್ಕಿದ್ದು ಪಿಸ್ತೂಲು ರಿವಾಲ್ವರುಗಳ ತೋಟೆ. ಅಮೆರಿಕದಂಥ ದೇಶಗಳಲ್ಲಿ ಶೂಟರ್‌ಗಳು ಒಮ್ಮೆ ಹಾರಿಸಿದ ಹಿತ್ತಾಳೆಯ ಖಾಲಿ ಕೇಸನ್ನು ಬಿಸಾಡದೆ ಮತ್ತೆ ತುಂಬಿಸ್ತಾರೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಆಯುಧ ಕಾಯ್ದೆಯಲ್ಲಿ ಅಪರಾಧ, ಆದ್ದರಿಂದ ಇದು ನಮಗೆ ಮಾಡಿ ನೋಡುವ ಪಾಠ ಅಲ್ಲ, ಓದಿ ಲೆಕ್ಕ ಹಾಕುವ ಪಾಠ. ಆದ್ರೆ ಡೈ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ತೋಟೆ ಹಾರಿದಾಗ ಕೇಸು ಚೇಂಬರಿನ ಗೋಡೆಗೆ ತಾಗುವವರೆಗೆ ಉಬ್ತದೆ. ಅದನ್ನು ಮೊದಲಿನ ವ್ಯಾಸಕ್ಕೆ ತರುವುದು ಸೈಸಿಂಗ್ ಡೈ. ಎರಡನೇ ಡೈ ಕೇಸಿನ ಬಾಯಿಯನ್ನು ತುಸು ಅಗಲ ಮಾಡ್ತದೆ. ಮೂರನೆಯದು ಗುಂಡನ್ನು ಒಳಗೆ ಕೂರಿಸಿ ಬಾಯಿಯನ್ನು ಒತ್ತಿ ಬಿಗಿ ಮಾಡ್ತದೆ. ಇಲ್ಲೂ ಅದಕ್ಕೆ ಕ್ರಿಂಪ್ ಅಂತಲೇ ಹೆಸರು. ಕೇಸಿನ ಬುಡ ಹಿಡಿಯುವ ಚಿಕ್ಕ ಬಿಲ್ಲೆ ಶೆಲ್ ಹೋಲ್ಡರ್. ಡೈಯ ಹೊರಗಿನ ಥ್ರೆಡ್ ಮಾತ್ರ ಎಲ್ಲ ಕಂಪನಿಗೂ ಹೆಚ್ಚುಕಡಿಮೆ ಒಂದೇ, 7/8 ಇಂಚು, ಇಂಚಿಗೆ 14 ಹಲ್ಲು. ಹಾಗಾಗಿ ಯಾವ ಡೈಯೂ ಯಾವ ಪ್ರೆಸ್ಸಿಗೂ ಕೂರ್ತದೆ. ಪ್ರೆಸ್ಸಿಗೆ ಕೂತಿತು ಅಂದ ಮಾತ್ರಕ್ಕೆ ಕೇಸಿಗೆ ಸರಿ ಅಂತ ಅಲ್ಲ.

ಈಗ ಎರಡು ಜೋಡಿ ನೋಡಿ. ಮೊದಲ ಜೋಡಿ .38 ಸ್ಪೆಷಲ್ ಮತ್ತು .357 ಮ್ಯಾಗ್ನಮ್. ಹೆಸರು ನೋಡಿದ್ರೆ ಬೇರೆ ಬೇರೆ ವ್ಯಾಸ. ನಿಜವಾಗಿ ಎರಡರ ಗುಂಡೂ 0.357 ಇಂಚಿನ ಆಸುಪಾಸು, ಎರಡರ ಕೇಸೂ 0.379 ಇಂಚು, ಬುಡದಿಂದ ಬಾಯಿವರೆಗೆ ನೇರ ಕೊಳವೆ. ವ್ಯತ್ಯಾಸ ಉದ್ದದಲ್ಲಿ ಮಾತ್ರ: 1.155 ಇಂಚು ಮತ್ತು 1.290 ಇಂಚು. ಸೈಸಿಂಗ್ ಡೈಯಲ್ಲಿ ಕೆಲಸ ಮಾಡುವುದು ಟಂಗ್‌ಸ್ಟನ್ ಕಾರ್ಬೈಡಿನ ಒಂದು ಗಿಡ್ಡ ಉಂಗುರ. ಕೇಸು ಅದರ ಮೂಲಕ ತೂರಿ ಹೋಗ್ತದೆ, ಉದ್ದ ಎಷ್ಟಿದ್ರೂ ಉಂಗುರಕ್ಕೆ ಚಿಂತೆ ಇಲ್ಲ. ಹಾಗಾಗಿ ಒಂದೇ ಡೈ ಸೆಟ್ ಎರಡಕ್ಕೂ ನಡೀತದೆ, ಶೆಲ್ ಹೋಲ್ಡರ್ ಕೂಡ ಅದೇ. ಆದ್ರೆ ಮೂರನೇ ಡೈಯಲ್ಲಿ ಕ್ರಿಂಪ್ ಮಾಡುವ ಮೆಟ್ಟಿಲು ಒಂದು ನಿರ್ದಿಷ್ಟ ಎತ್ತರದಲ್ಲಿ ಇರ್ತದೆ. ಗಿಡ್ಡ ಕೇಸಿಗೆ ಹೊಂದಿಸಿಟ್ಟಲ್ಲಿ ಉದ್ದದ ಕೇಸು ಹಾಕಿದ್ರೆ ಬಾಯಿ ಬೇಗ ತಾಗಿ ಕೇಸು ಸೊಟ್ಟಗಾಗ್ತದೆ. ಪರಿಹಾರ ಸರಳ, ಡೈಯನ್ನು 0.135 ಇಂಚು, ಅಂದ್ರೆ 3.4 ಮಿ.ಮೀ. ಮೇಲಕ್ಕೆ ತಿರುಗಿಸಬೇಕು, ಇಲ್ಲ ಅಷ್ಟೇ ದಪ್ಪದ ವಾಷರ್ ಕೆಳಗೆ ಹಾಕಬೇಕು. .44 ಸ್ಪೆಷಲ್ ಮತ್ತು .44 ಮ್ಯಾಗ್ನಮ್ ಕೂಡ ಇದೇ ರೀತಿಯ ಜೋಡಿ. .40 ಎಸ್ ಆಂಡ್ ಡಬ್ಲ್ಯೂ ಮತ್ತು 10 ಮಿ.ಮೀ. ಆಟೋ ಕೂಡ.

ಎರಡನೇ ಜೋಡಿ 9 ಮಿ.ಮೀ. ಲೂಗರ್ ಮತ್ತು .380 ಎಸಿಪಿ. ಇವೆರಡರ ಗುಂಡಿನ ವ್ಯಾಸ ಒಂದೇ, 0.355 ಇಂಚು. ಇನ್ನೊಂದು ಹೆಸರಿನಲ್ಲಿ ಹೇಳಿದ್ರೆ ಎರಡೂ 9 ಮಿ.ಮೀ., ಒಂದು 9×19, ಇನ್ನೊಂದು 9×17. ಮೊದಲ ಜೋಡಿ ನೋಡಿದವರು ಇಲ್ಲೂ ಡೈ ಹಂಚಿಕೊಳ್ಳಬಹುದು ಅಂತ ಥಟ್ಟನೆ ಹೇಳಿಬಿಡ್ತಾರೆ. ಆಗುವುದಿಲ್ಲ. 9×19ರ ಕೇಸು ಬುಡದಲ್ಲಿ 9.93 ಮಿ.ಮೀ., ಬಾಯಿಯಲ್ಲಿ 9.65, ಅಂದ್ರೆ ಶಂಕುವಿನ ಹಾಗೆ ಇಳಿಜಾರು. .380ರ ಬುಡವೇ 9.5 ಮಿ.ಮೀ. ದೊಡ್ಡದರ ಉಂಗುರದಲ್ಲಿ ಚಿಕ್ಕ ಕೇಸು ಹೆಚ್ಚುಕಡಿಮೆ ಮುಟ್ಟದೆ ದಾಟಿ ಹೋಗ್ತದೆ, ಬಾಯಿ ಸಡಿಲ ಉಳಿದು ಗುಂಡನ್ನು ಹಿಡಿಯುವುದಿಲ್ಲ. 24ರ ಡೈಯಲ್ಲಿ 22ರ ಕೆಲಸ ನೆನಪಾಯ್ತಲ್ಲ? ತಿರುಗಿಸಿ ಹಾಕಿದ್ರೆ ದೊಡ್ಡ ಕೇಸು ಚಿಕ್ಕ ಉಂಗುರದಲ್ಲಿ ಅತಿಯಾಗಿ ಹಿಂಡಿ ಹಾಳಾಗ್ತದೆ, ಸಿಕ್ಕಿಕೊಳ್ಳಲೂಬಹುದು.

ಒಂದು ಕಡೆ ಹೆಸರು ಬೇರೆ, ಡೈ ಒಂದೇ. ಇನ್ನೊಂದು ಕಡೆ ಗುಂಡು ಒಂದೇ, ಡೈ ಬೇರೆ. ಎರಡೂ ಕಡೆ ಉತ್ತರ ಕೊಟ್ಟದ್ದು ಡೈ ಮುಟ್ಟುವ ಮೈಯ ಅಳತೆ.

ನಮ್ಮ ದೇಶದಲ್ಲೇ ಒಂದು ಉದಾಹರಣೆ ಉಂಟು. ಇಲ್ಲಿ 9 ಮಿ.ಮೀ. ನಿಷೇಧಿತ ಬೋರ್, ಲೈಸೆನ್ಸ್ ಮೇಲೆ ಸಾಮಾನ್ಯವಾಗಿ ಸಿಗುವುದು .32. ಆದ್ರೆ .32 ರಿವಾಲ್ವರಿನ ತೋಟೆ ಬೇರೆ, .32 ಪಿಸ್ತೂಲಿನ ತೋಟೆ ಬೇರೆ. ರಿವಾಲ್ವರಿನದ್ದು .32 ಎಸ್ ಆಂಡ್ ಡಬ್ಲ್ಯೂ ಲಾಂಗ್, ಕೇಸು 23.4 ಮಿ.ಮೀ. ಉದ್ದ. ಪಿಸ್ತೂಲಿನದ್ದು .32 ಎಸಿಪಿ, 17.3 ಮಿ.ಮೀ. ಎರಡರ ಮೈಯೂ ಸುಮಾರು 8.5 ಮಿ.ಮೀ. ಆದ್ದರಿಂದ ಸೈಸಿಂಗ್ ಉಂಗುರದ ಮಟ್ಟಿಗೆ ಇವೆರಡು ನೆಂಟರು. ಬುಡದ ಅಂಚು ಮಾತ್ರ ಒಂದಕ್ಕೆ 9.5, ಇನ್ನೊಂದಕ್ಕೆ 9.1 ಮಿ.ಮೀ., ಹಾಗಾಗಿ ಶೆಲ್ ಹೋಲ್ಡರ್ ಬೇರೆ ಬೇಕು. ಅಂದ್ರೆ "ಡೈ ಸೆಟ್ ನಡೀತದಾ" ಅಂತ ಒಟ್ಟಿಗೆ ಕೇಳುವುದೇ ಸರಿ ಅಲ್ಲ. ಸೆಟ್ಟಿನ ಒಂದೊಂದು ತುಂಡನ್ನೂ ಪ್ರತ್ಯೇಕ ಕೇಳಬೇಕು, ನೀನು ಎಲ್ಲಿ ಮುಟ್ತೀಯ ಅಂತ. ಮತ್ತೆ ಕರಾವಳಿ, ಮಲೆನಾಡಿನ ಕೃಷಿಕರ ಮನೆಯ 12 ಬೋರ್ ಕೋವಿಯ ಹೆಸರಂತೂ ಇನ್ನೂ ವಿಚಿತ್ರ. ಅದು ಇಂಚೂ ಅಲ್ಲ, ಮಿ.ಮೀ. ಕೂಡ ಅಲ್ಲ. ಆ ನಳಿಗೆಯ ವ್ಯಾಸದ ಸೀಸದ ಉಂಡೆ ಹನ್ನೆರಡು ಸೇರಿದ್ರೆ ಒಂದು ಪೌಂಡ್, ಅದಕ್ಕೆ 12.

ಡೈ ಒಂದೇ ಆದ್ರೆ ಒತ್ತಡ ಒಂದೇ ಅಲ್ಲ

.38 ಸ್ಪೆಷಲ್ ತೋಟೆಗೆ ಅಮೆರಿಕದ ಸ್ಟ್ಯಾಂಡರ್ಡಿನಲ್ಲಿ ಇಟ್ಟ ಗರಿಷ್ಠ ಒತ್ತಡ 17,000 ಪಿಎಸ್‌ಐ, ಸುಮಾರು 1,170 ಬಾರ್. .357 ಮ್ಯಾಗ್ನಮ್‌ಗೆ 35,000 ಪಿಎಸ್‌ಐ, ಸುಮಾರು 2,410 ಬಾರ್. ಎರಡಕ್ಕಿಂತ ಹೆಚ್ಚು ಪಟ್ಟು. ಡೈ ಒಂದೇ, ಗುಂಡು ಒಂದೇ, ಒಳಗಿನ ಕೆಲಸ ಅರ್ಧಕ್ಕರ್ಧ ಬೇರೆ. 1935ರಲ್ಲಿ ಈ ಮ್ಯಾಗ್ನಮ್ ಹೊರಗೆ ಬಂದಾಗ ಕೇಸನ್ನು ಉದ್ದ ಮಾಡಿದ್ದರ ಉದ್ದೇಶ ಇದೇ: ಹಳೇ .38 ರಿವಾಲ್ವರಿನ ಚೇಂಬರಿಗೆ ಅದು ಪೂರ್ತಿ ಹೋಗಲೇಬಾರದು. ಗಿಡ್ಡದ್ದು ಬಲವಾದ ರಿವಾಲ್ವರಿಗೆ ಹೋಗ್ತದೆ, ಉದ್ದದ್ದು ದುರ್ಬಲ ರಿವಾಲ್ವರಿಗೆ ಹೋಗುವುದಿಲ್ಲ. 3.4 ಮಿ.ಮೀ. ಹಿತ್ತಾಳೆ ಇಲ್ಲಿ ಬೀಗದ ಕೆಲಸ ಮಾಡ್ತದೆ. ತಪ್ಪು ಮಾಡ್ಲಿಕ್ಕೇ ಆಗದ ಹಾಗೆ ಡಿಸೈನ್ ಮಾಡುವುದಕ್ಕೆ ಜಪಾನಿನವರು ಪೋಕಾ-ಯೋಕೆ ಅಂತಾರೆ, ಆ ಹೆಸರು ಬರುವ ಎಷ್ಟೋ ಮೊದಲಿನ ಮಾತು ಇದು.

ಹೋಸಿಗೆ ಬನ್ನಿ. ಅರ್ಧ ಇಂಚಿನ 1ಎಸ್‌ಎನ್‌ಗೆ 160 ಬಾರ್, 2ಎಸ್‌ಎನ್‌ಗೆ 275. ಎರಡರ ಕ್ರಿಂಪ್ ವ್ಯಾಸ ಹತ್ತಿರ ಇದ್ರೆ ಡೈ ಒಂದೇ ಆಗಬಹುದು. ತುದಿಯ ನಟ್ ಒಂದೇ ಥ್ರೆಡ್. 275 ಬಾರಿನ ಜಾಗಕ್ಕೆ 160ರ ಹೋಸ್ ಯಾವ ಅಡ್ಡಿಯೂ ಇಲ್ಲದೆ ಕೂರ್ತದೆ, ಸ್ಪ್ಯಾನರಿನಲ್ಲಿ ಟೈಟ್ ಆಗ್ತದೆ, ಮೊದಲ ದಿನ ಕೆಲಸವೂ ಮಾಡ್ತದೆ. ತೋಟೆಗೆ ಇದ್ದ ಬೀಗ ಇಲ್ಲಿ ಇಲ್ಲ. ಇರುವುದು ಹೋಸಿನ ಮೈಮೇಲೆ ಉದ್ದಕ್ಕೂ ಮುದ್ರಿಸಿದ ಒಂದು ಸಾಲು ಅಕ್ಷರ. ಬೋಟಿನಲ್ಲಿ ಉಪ್ಪುನೀರು, ಗ್ರೀಸು, ಬಿಸಿಲು, ಬಲೆಯ ಉಜ್ಜಾಟ ಎಲ್ಲ ಸೇರಿ ಆ ಸಾಲು ಎಷ್ಟೋ ಸಲ ಅಳಿಸಿ ಹೋಗಿರ್ತದೆ. ಹಾಗಾದಾಗ ಹಳೇ ಹೋಸಿನ ತುದಿ ಕತ್ತರಿಸಿ, ರಬ್ಬರಿನ ನಡುವೆ ತಂತಿಯ ಪದರ ಒಂದಾ ಎರಡಾ ಅಂತ ಎಣಿಸಿ ನೋಡಬೇಕು. ಪದರ ಎಣಿಸಿದ್ರೂ ಸಂಶಯ ಉಳಿದ್ರೆ ವಿಂಚಿನ ಪಂಪಿನ ರಿಲೀಫ್ ವಾಲ್ವ್ ಎಷ್ಟಕ್ಕೆ ಇಟ್ಟಿದೆ ಅಂತ ಬೋಟಿನವರ ಹತ್ರ ಕೇಳುವುದು ಒಳ್ಳೇದು. ನಮಗೆ ಅನಿಸುವುದು, ಹೋಸ್ ತಯಾರಿಸುವವರು ಒತ್ತಡದ ದರ್ಜೆಯನ್ನು ಅಕ್ಷರದಲ್ಲಿ ಮಾತ್ರ ಬರೆಯುವ ಬದಲು ಅಳಿಸಲಾಗದ ಯಾವುದಾದ್ರೂ ರೂಪದಲ್ಲಿ ಕೊಡಬೇಕಿತ್ತು. ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕುವ ಸೀನಿಯರ್ಸ್ ಗಮನಿಸಿ.

ನಲ್ಲಿ ಪೈಪಿನ ಡೈ ಬಗ್ಗೆಯೂ ಚುಟುಕಾಗಿ ಹೇಳಿಬಿಡ್ತೇವೆ, ಇದು ನಮ್ಮ ವರ್ಕ್‌ಶಾಪಿನಲ್ಲೇ ಇರುವ ವಸ್ತು. ಬಿಎಸ್‌ಪಿ ಥ್ರೆಡ್ಡಿನಲ್ಲಿ ಅರ್ಧ ಇಂಚಿಗೂ ಮುಕ್ಕಾಲು ಇಂಚಿಗೂ ಇಂಚಿಗೆ 14 ಹಲ್ಲು. ಹಿಂದೆ ಮುಂದೆ ಸರಿಸಬಹುದಾದ ಡೈ ಹೆಡ್ ಆದ್ರೆ ಒಂದೇ ಜೊತೆ ಹಲ್ಲು ಎರಡಕ್ಕೂ ಸಾಕು. ಒಂದು ಇಂಚಿನಿಂದ ಮೇಲೆ ಇಂಚಿಗೆ 11 ಹಲ್ಲು, ಬೇರೆ ಸೆಟ್ ಬೇಕೇ ಬೇಕು. ಇಲ್ಲೂ ಹೆಸರಿನ ಆಟ: ಅರ್ಧ ಇಂಚಿನ ಪೈಪಿನ ಥ್ರೆಡ್ಡಿನ ಹೊರವ್ಯಾಸ 20.955 ಮಿ.ಮೀ., ಅರ್ಧ ಇಂಚು ಅಂದ್ರೆ 12.7. ಅಮೆರಿಕದ ಎನ್‌ಪಿಟಿ ಅರ್ಧ ಇಂಚಿಗೂ 14 ಹಲ್ಲೇ, ಆದ್ರೆ ಹಲ್ಲಿನ ಕೋನ 60 ಡಿಗ್ರಿ, ಬಿಎಸ್‌ಪಿಯದ್ದು 55. ಎರಡನ್ನು ಜೋಡಿಸಿದ್ರೆ ಕೆಲವು ಸುತ್ತು ಆರಾಮಾಗಿ ತಿರುಗ್ತದೆ, ಆಮೇಲೆ ಬಿಗಿಯಾಗ್ತದೆ, ಕೊನೆಗೆ ಸೋರ್ತದೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ದಕ್ಕೆಯಲ್ಲಿ ಸಾಲಾಗಿ ನಿಂತು ಇಂಜಿನ್, ವಿಂಚ್, ಹೋಸ್ ರಿಪೇರಿ ನಡೆಯುವುದು ಆಗಲೇ. ಸೆಮಿಸ್ಟರ್ ನಡುವಿನ ರಜೆಯಲ್ಲಿ ಹೋದ್ರೆ ಕ್ರಿಂಪಿಂಗ್ ನೋಡ್ಲಿಕ್ಕೆ ಸಿಗಬಹುದು. ಕೇಳಿ ಒಳಗೆ ಹೋಗಿ, ಪ್ರೆಸ್ಸಿನ ಹತ್ರ ಕೈ ಚಾಚಬೇಡಿ. ಅಳತೆ ತೆಗೆಯುವುದನ್ನು ಗಮನಿಸಿ: ವರ್ನಿಯರಿನ ದವಡೆ ಎರಡು ಏಣುಗಳ ಮಧ್ಯದ ನಯವಾದ ಭಾಗಕ್ಕೆ ಬರಬೇಕು, ಏಣಿನ ಮೇಲೆ ಹಿಡಿದ್ರೆ ಅಳತೆ ಹೆಚ್ಚು ತೋರಿಸ್ತದೆ. ಒಂದೇ ಕಡೆ ಅಳೆದ್ರೆ ಸಾಲದು, ಹೋಸನ್ನು ತಿರುಗಿಸಿ ಮೂರು ನಾಲ್ಕು ಕಡೆ ನೋಡಬೇಕು.

ಹೋಗುವ ಮೊದಲು ಈ ಲೆಕ್ಕ ಮಾಡಿ ನೋಡಿ. ಚಾರ್ಟಿನಲ್ಲಿ ಬೇಕಾದ ಕ್ರಿಂಪ್ ವ್ಯಾಸ 21.2 ಮಿ.ಮೀ. ಪೆಟ್ಟಿಗೆಯಲ್ಲಿ 17, 20, 22, 24 ನಂಬರಿನ ಎಂಟು ತುಂಡಿನ ಡೈಗಳಿವೆ, ಪ್ರತಿಯೊಂದರ ವ್ಯಾಪ್ತಿ ಮೇಲಕ್ಕೆ 2 ಮಿ.ಮೀ. ಯಾವುದನ್ನು ಹಾಕ್ತೀರಿ, ಸಂದು ಎಷ್ಟು ಉಳೀತದೆ?

20ನ್ನು ಹಾಕಬೇಕು. ವ್ಯತ್ಯಾಸ 1.2, ಪೈಯಿಂದ ಗುಣಿಸಿದ್ರೆ 3.77, ಎಂಟರಿಂದ ಭಾಗಿಸಿದ್ರೆ ಒಂದೊಂದು ಸಂದು 0.47 ಮಿ.ಮೀ. 17ರಿಂದ 21.2 ಬಹಳ ದೂರ, ಸಂದು 1.65 ಆಗಿ ಅಂಚು ಕಚ್ತದೆ. 22 ನಂಬರ್ 21.2ಕ್ಕೆ ತೀರಾ ಹತ್ತಿರ ಕಂಡ್ರೂ 22ರಲ್ಲೇ ನಿಲ್ತದೆ, ಕೊನೆಯ 0.8 ಮಿ.ಮೀ. ಒತ್ತುವುದೇ ಇಲ್ಲ.